ಗಾಜಿನ ಬೆಳಕು, ಗಾಜಿನ ಬಿಸಿ

ದೀಪಸ್ತಂಭ ಎಂದೊಡನೆ ಸಮುದ್ರದ ನೆನಪಾಗುವುದು ಸಹಜ. ಸರೋವರದ ದಡದಲ್ಲೂ ದೀಪಸ್ತಂಭವಿದೆ ಎಂದರೆ ಅಚ್ಚರಿಯಾಗುತ್ತದಲ್ಲವೇ? ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ಅಂಚಿನ ಕಡಿದಾದ ಬಂಡೆಯ ನೆತ್ತಿಯ ಮೇಲೆ ನಿಂತಿರುವ ಸ್ಪ್ಲಿಟ್ ರಾಕ್ ದೀಪಸ್ತಂಭ ಅಂಥದ್ದು.

ಈ ಸರೋವರದ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್. ಬಿರುಗಾಳಿ ಎದ್ದರೆ ಇಲ್ಲಿನ ಅಲೆಗಳು ಕಡಲಿನ ಅಲೆಗಳಿಗೆ ಸೋಲುವುದಿಲ್ಲ. 1905ರ ನವೆಂಬರ್ 28ರ ಬಿರುಗಾಳಿಗೆ ಅನೇಕ ಹಡಗುಗಳು ತುತ್ತಾದವು. ಮಡೀರಾ ಎಂಬ ನೌಕೆ ಈ ಬಂಡೆಗಳ ಬಳಿಯೇ ಒಡೆದುಹೋಯಿತು. ಆ ಬಳಿಕ ಕಟ್ಟಲಾದ ದೀಪಸ್ತಂಭ ಮೊದಲು ಬೆಳಗಿದ್ದು 1910ರ ಜುಲೈ 31ರಂದು.

ಒಳಗಿದ್ದುದು ಎಣ್ಣೆಯ ದೀಪ. ಅದರ ಬೆಳಕು ದೂರದ ಹಡಗಿಗೆ ಕಂಡಿದ್ದು ಹೇಗೆ? ಗುಟ್ಟು ಇರುವುದು ಗಾಜಿನಲ್ಲಿ. ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಮಸೂರದಲ್ಲಿ ದಪ್ಪನೆಯ ಒಂದೇ ಗಾಜಿನ ಬದಲು ಪಟ್ಟಕಗಳ ಸಾಲುಗಳಿರುತ್ತವೆ. ಎಲ್ಲ ದಿಕ್ಕಿಗೂ ಚದುರುವ ಬೆಳಕನ್ನು ಅವು ವಕ್ರೀಭವನ ಮತ್ತು ಪ್ರತಿಫಲನಗಳಿಂದ ಬಾಗಿಸಿ ಒಂದೇ ಕಡೆಗೆ ಕಳುಹಿಸುತ್ತವೆ. ಸ್ಪ್ಲಿಟ್ ರಾಕ್‌ನ ಮಸೂರಕ್ಕೆ ಎರಡು ಮುಖ. 10 ಸೆಕೆಂಡಿಗೊಮ್ಮೆ ಮಿಂಚು. ಅಂದರೆ ಒಂದು ಸುತ್ತಿಗೆ 20 ಸೆಕೆಂಡು. ಭಾರೀ ತೂಕದ ಈ ಮಸೂರ ಪಾದರಸದ ಮೇಲೆ ತೇಲುತ್ತಿದ್ದುದರಿಂದ ಸಲೀಸಾಗಿ ತಿರುಗುತ್ತಿತ್ತು. 1940ರಲ್ಲಿ ವಿದ್ಯುತ್ ದೀಪ ಬಂತು. 1969ರಲ್ಲಿ ದೀಪಸ್ತಂಭ ನಿವೃತ್ತವಾಯಿತು. 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜೆರಾಲ್ಡ್ ಹಡಗಿನೊಂದಿಗೆ ಮುಳುಗಿದ 29 ಮಂದಿಯ ನೆನಪಿಗಾಗಿ ಪ್ರತಿವರ್ಷ ಅದೇ ದಿನ ದೀಪ ಹೊತ್ತಿಸುತ್ತಾರೆ.

ಅಲ್ಲಿಗೆ ಪ್ರವಾಸ ಬರುವ ಅನೇಕರು ಸಾಕುನಾಯಿಯನ್ನೂ ಕರೆತರುತ್ತಾರೆ. ಹಗ್ಗ ಕಟ್ಟಿ ಹಿಡಿದುಕೊಂಡರೆ ಆವರಣದಲ್ಲಿ ಅಡ್ಡಾಡಿಸಬಹುದು. ಹಳೆಯ ಕಟ್ಟಡಗಳೊಳಗೆ ಬಿಡುವುದಿಲ್ಲ. ಬಂಡೆಯ ಅಂಚು ಕಡಿದು, ಕೆಳಗಿನ ನೀರು ಬೇಸಿಗೆಯಲ್ಲೂ ಬಲು ತಣ್ಣಗೆ. ಹಗ್ಗ ಬಿಡುವಂತಿಲ್ಲ.

ಆಗ ಹೊಳೆಯುವ ಸುಲಭ ಉಪಾಯ, ‘ನಾಯಿ ಕಾರಿನಲ್ಲೇ ಇರಲಿ, ಅರ್ಧ ಗಂಟೆಯಲ್ಲಿ ಬಂದುಬಿಡೋಣ’ ಎಂಬುದು. ಇದೇ ಪ್ರಾಣಕ್ಕೆ ಎರವಾಗುವ ತಪ್ಪು. ಕಾರಿನ ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆಸನಗಳು ಕಾಯುತ್ತವೆ, ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಹಿತವಾದ ಹವೆ ಇದ್ದಾಗಲೂ ಅರ್ಧ ಗಂಟೆಯಲ್ಲಿ ಒಳಗೆ 40 ಡಿಗ್ರಿ ದಾಟಬಹುದು. ಗಾಜನ್ನು ಒಂದಿಷ್ಟು ಇಳಿಸಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಮನುಷ್ಯನಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಅದು ನಾಲಗೆ ಚಾಚಿ ತೇಕುತ್ತಲೇ ತಂಪಾಗಬೇಕು. ಸುತ್ತಲಿನ ಗಾಳಿಯೇ ಬಿಸಿಯಾದರೆ ತೇಕಿ ಏನು ಫಲ?

ಪರಿಹಾರ ಕಷ್ಟದ್ದಲ್ಲ. ಮನೆಯ ಒಬ್ಬರು ನಾಯಿಯೊಂದಿಗೆ ನೆರಳಲ್ಲಿ ನಿಲ್ಲಲಿ, ಉಳಿದವರು ನೋಡಿ ಬರಲಿ. ಬಳಿಕ ಸರದಿ ಬದಲಾಗಲಿ. ಜೊತೆಗೊಂದು ಬಟ್ಟಲು ನೀರಿರಲಿ. ಈ ಮಾತು ಅಮೆರಿಕಕ್ಕಷ್ಟೇ ಅಲ್ಲ, ನಮ್ಮೂರಿನ ಬಿಸಿಲಿಗೆ ಇನ್ನೂ ಹೆಚ್ಚು ಸಲ್ಲುತ್ತದೆ.