ಗಾಳಿಯ ಲೆಕ್ಕ, ನೀರಿನ ಲೆಕ್ಕ

ಪವನ ವಿದ್ಯುತ್ತಿಗೆ ನಮ್ಮ ವಿರೋಧವಿಲ್ಲ. ಕಲ್ಲಿದ್ದಲಿನ ಹೊಗೆಗಿಂತ ಅದು ಲೇಸು. ಆದರೆ ಚಿತ್ರದುರ್ಗದ ಗುಡ್ಡಗಳನ್ನು ಕಂಡವರು ಬಲ್ಲರು: ಗಾಳಿಯಂತ್ರ ನಿಲ್ಲುವ ಜಾಗ ಚಿಕ್ಕದು, ಅದರ ಉದ್ದನೆಯ ರೆಕ್ಕೆಗಳನ್ನು ಸಾಗಿಸಲು ಗುಡ್ಡ ಕಡಿದು ಮಾಡುವ ರಸ್ತೆ ದೊಡ್ಡದು. ಮಣ್ಣು ಸಡಿಲಗೊಳ್ಳುವುದು ಅಲ್ಲಿಯೇ. ಗಾಳಿಯ ವೇಗವನ್ನು ವರ್ಷವಿಡೀ ಅಳೆಯುವ ಎಂಜಿನಿಯರುಗಳು ಅದೇ ಇಳಿಜಾರಿನಲ್ಲಿ ನೀರು ಹರಿಯುವ ದಾರಿಯನ್ನು ಒಂದು ಮಳೆಗಾಲವಾದರೂ ಏಕೆ ಗಮನಿಸಬಾರದು?

2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಸೇರಿಲ್ಲ. ಹಾಗಾಗಿ ಅದರಡಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಲ್ಲ. ಕಾನೂನು ಕೇಳದಿದ್ದನ್ನು ವೃತ್ತಿಧರ್ಮ ಕೇಳಬೇಕು. ಸ್ಥಳ ನಿಗದಿಯಾಗುವ ಮುನ್ನವೇ ನಕ್ಷೆ ಗ್ರಾಮಸಭೆಗೆ ಬರಲಿ. ಒರತೆ, ಗೋಮಾಳ, ಹಕ್ಕಿಗಳ ನೆಲೆಗಳನ್ನು ಊರಿನ ಹಿರಿಯರೂ ವಿದ್ಯಾರ್ಥಿಗಳೂ ಅದರಲ್ಲಿ ಗುರುತಿಸಲಿ. ರಸ್ತೆ ಅವುಗಳನ್ನು ಬಿಟ್ಟು ಸಾಗಲಿ.