ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೇ?

ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯನ್ನು ಮುಚ್ಚಬೇಕಾದರೆ ಮೊದಲು ಸರ್ಕಾರದ ಅನುಮತಿ ಪಡೆಯಬೇಕು ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಮಿತಿಯನ್ನು 300ಕ್ಕೆ ಏರಿಸಿತು. ಈ ಅನುಮತಿಯಿಂದ ಕುಶಲ ಕಾರ್ಮಿಕರಿಗೆ ನಿಜವಾಗಿ ರಕ್ಷಣೆ ಸಿಗುತ್ತದೆಯೇ?

ಪರ: ಬೀಗ ಹಾಕುವ ಮುನ್ನ ಉತ್ತರ ಕೊಡಲಿ

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಸಿದ್ಧ ಉಡುಪು ಕಾರ್ಖಾನೆಯೊಂದರ ಸಾವಿರಕ್ಕೂ ಹೆಚ್ಚು ಕಾರ್ಮಿಕರು ವಾರಗಟ್ಟಲೆ ಧರಣಿ ಕುಳಿತರು. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಕೋವಿಡ್‌ನಿಂದಾಗಿ ಆರ್ಡರ್ ಇಲ್ಲ ಎಂಬುದು ಕೆಲಸ ನಿಲ್ಲಿಸಲು ಆಡಳಿತ ಮಂಡಳಿ ಕೊಟ್ಟ ಕಾರಣ. ಕಾರಣ ನಿಜವೇ ಇರಬಹುದು. ಆದರೆ ಅದನ್ನು ಪರಿಶೀಲಿಸುವವರು ಯಾರು? ಬೇರೆ ಘಟಕಕ್ಕೆ ವರ್ಗಾಯಿಸಲು ಸಾಧ್ಯವಿತ್ತೇ, ಬಾಕಿ ಎಷ್ಟು ಎಂದು ಕೇಳುವವರು ಯಾರು? ಅನುಮತಿಯ ನಿಯಮವಿದ್ದರೆ ಮಾಲೀಕರು 90 ದಿನ ಮೊದಲೇ ಅರ್ಜಿ ಹಾಕಬೇಕು, ಕಾರ್ಮಿಕರ ಮಾತನ್ನೂ ಕೇಳಿಯೇ ಸರ್ಕಾರ ತೀರ್ಮಾನಿಸಬೇಕು.

ಕುಶಲ ಕಾರ್ಮಿಕನ ಕಷ್ಟವನ್ನು ಬಹಳ ಮಂದಿ ಅರಿಯರು. ಫಿಟ್ಟರ್, ಟರ್ನರ್, ಟೂಲ್ ಅಂಡ್ ಡೈ ಮೇಕರ್‌ಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ ಎಂಬ ನಂಬಿಕೆಯಿದೆ. ನಲವತ್ತೈದು ದಾಟಿದವನನ್ನು ಕೇಳಿ ನೋಡಿ. ಐಟಿಐ ಮುಗಿಸಿ ಸೇರಿದ ಕಾರ್ಖಾನೆಯ ಯಂತ್ರಗಳಲ್ಲೇ ಅವನ ಕೈ ಪಳಗಿರುತ್ತದೆ. ಹೊಸ ಕಡೆ ಅವನಿಗೆ ಸಿಗುವುದು ಗುತ್ತಿಗೆ ಕೆಲಸ, ಕಡಿಮೆ ಸಂಬಳ. ಇಪ್ಪತ್ತು ವರ್ಷದ ಅನುಭವವನ್ನು ಯಾವ ಸರ್ಟಿಫಿಕೇಟೂ ಹೇಳುವುದಿಲ್ಲ.

ಪರಿಹಾರವಾದರೂ ಎಷ್ಟು? ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ವೇತನ. ಇಪ್ಪತ್ತು ವರ್ಷ ದುಡಿದವನಿಗೆ 300 ದಿನಗಳದ್ದು. ಮಕ್ಕಳ ಶುಲ್ಕ, ಮನೆಸಾಲದ ಕಂತು ಕಟ್ಟುತ್ತ ಹೋದರೆ ಅದು ಎಷ್ಟು ದಿನ ಬಂದೀತು? 250 ಜನರ ಕಾರ್ಖಾನೆಯ ಮಾಲೀಕರಿಗೆ ಈಗ 60 ದಿನಗಳ ನೋಟಿಸ್ ಕೊಟ್ಟರೆ ಸಾಕು.

ಮುಚ್ಚುವುದು ಮಾಲೀಕನ ಹಕ್ಕು ಎಂಬ ವಾದ ಹಳೆಯದು. 1978ರಲ್ಲಿ ಸುಪ್ರೀಂ ಕೋರ್ಟ್ ಆಗಿನ ಅನುಮತಿ ನಿಯಮವನ್ನು ರದ್ದು ಮಾಡಿತ್ತು. ಸಂಸತ್ತು ತಿದ್ದಿ ತಂದ ನಿಯಮವನ್ನು 2002ರಲ್ಲಿ ಅದೇ ಕೋರ್ಟ್‌ನ ಸಂವಿಧಾನ ಪೀಠ ಎತ್ತಿಹಿಡಿಯಿತು. ಆ ಹಕ್ಕಿಗೆ ನ್ಯಾಯವಾದ ಮಿತಿ ಹಾಕಬಹುದು ಎಂಬುದು ಇತ್ಯರ್ಥವಾದ ವಿಷಯ. ಸರ್ಕಾರದಿಂದ ಅಗ್ಗದ ಜಮೀನು, ತೆರಿಗೆ ವಿನಾಯಿತಿ ಪಡೆದವರು ಮುಚ್ಚುವಾಗಲೂ ಅದೇ ಸರ್ಕಾರಕ್ಕೆ ಉತ್ತರ ಕೊಡಲಿ. ಮಿತಿ ಮತ್ತೆ 100ಕ್ಕೆ ಇಳಿಯಬೇಕು.

ವಿರೋಧ: ಅನುಮತಿಯಲ್ಲ, ಕೈಗೆ ಹಣ ಬರಲಿ

ಕಾರ್ಮಿಕರ ಕಷ್ಟದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಅನುಮತಿ ಆ ಕಷ್ಟವನ್ನು ಕಳೆದಿಲ್ಲ, ಮುಂದೂಡಿದೆ ಅಷ್ಟೆ. ಅನುಮತಿ ಸಿಗದು ಎಂದು ಗೊತ್ತಾದ ಮಾಲೀಕ ಅರ್ಜಿಯನ್ನೇ ಹಾಕುವುದಿಲ್ಲ. ಕರೆಂಟ್ ಬಿಲ್ ಕಟ್ಟುವುದಿಲ್ಲ, ಕಚ್ಚಾ ಮಾಲು ತರಿಸುವುದಿಲ್ಲ, ಸಂಬಳ ಬಾಕಿ ಉಳಿಸುತ್ತಾನೆ. ಕಡತದಲ್ಲಿ ಕಾರ್ಖಾನೆ ಜೀವಂತ. ಕಾರ್ಮಿಕನಿಗೆ ಅತ್ತ ಕೆಲಸವಿಲ್ಲ, ಇತ್ತ ಲೆಕ್ಕ ಚುಕ್ತಾ ಆಗಿಲ್ಲ. ಬೇರೆ ಕಡೆ ಸೇರಿದರೆ ಬಾಕಿ ಕೈತಪ್ಪೀತೆಂಬ ಭಯ ಬೇರೆ.

ಸರ್ಕಾರವೇ ಮಾಲೀಕನಾದಾಗ ಏನಾಯಿತು? 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ತಯಾರಿಕೆ ಮುಂದೆ ತುಮಕೂರಿಗೂ ಹಬ್ಬಿತು. ಕೂದಲೆಳೆಯಷ್ಟು ಸಣ್ಣ ಭಾಗಗಳನ್ನು ಜೋಡಿಸುವ ಕೈಗಳು ಅಲ್ಲಿ ತಯಾರಾದವು. ವರ್ಷಗಟ್ಟಲೆ ನಷ್ಟ ಅನುಭವಿಸಿ, ಸಂಬಳಕ್ಕೂ ಕೇಂದ್ರದ ನೆರವಿಗೆ ಕಾಯುವ ಸ್ಥಿತಿ ಬಂದ ಮೇಲೆ 2016ರಲ್ಲಿ ಕೇಂದ್ರ ಸಚಿವ ಸಂಪುಟ ಮುಚ್ಚಲು ಒಪ್ಪಿತು. ಅಷ್ಟರಲ್ಲಿ ಅನೇಕರಿಗೆ ಹೊಸ ಕೆಲಸ ಕಲಿಯುವ ವಯಸ್ಸು ಮೀರಿತ್ತು. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಬಾಕಿಗಾಗಿ ದೀರ್ಘಕಾಲ ಹೋರಾಡಿದರು. ಕೆಜಿಎಫ್‌ನಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುವವರನ್ನು ಇಂದಿಗೂ ಕಾಣಬಹುದು.

ಬೇಕಾಗಿರುವುದು ಬೇರೆ. ಮೊದಲನೆಯದು, ಪರಿಹಾರದ ಹಣವನ್ನು ಪ್ರತಿ ವರ್ಷವೂ ಮಾಲೀಕರ ಕೈಸೇರದ ಖಾತೆಯಲ್ಲಿ ಕೂಡಿಡಬೇಕು. ದಿವಾಳಿ ಸಂಹಿತೆ ಕಾರ್ಮಿಕರ 24 ತಿಂಗಳ ಬಾಕಿಯನ್ನು ಅಡಮಾನದ ಮೇಲೆ ಸಾಲ ಕೊಟ್ಟವರ ಸಾಲಿನಲ್ಲೇ ನಿಲ್ಲಿಸುತ್ತದೆ ನಿಜ, ಹಂಚಲು ಆಸ್ತಿಯೇ ಉಳಿಯದಿದ್ದರೆ ಆ ಸಾಲಿನಿಂದ ಏನು ಬಂತು?

ಎರಡನೆಯದು ನಿರುದ್ಯೋಗ ಭತ್ಯೆ. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ವಿಮಾದಾರರಿಗೆ ಇಎಸ್‌ಐನ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ ಮೊದಲ ವರ್ಷ ವೇತನದ ಶೇ 50, ಎರಡನೇ ವರ್ಷ ಶೇ 25 ಭತ್ಯೆಗೆ ಅವಕಾಶವಿದೆ. ಆದರೆ ಇಎಸ್‌ಐ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. ಅನುಭವಿ ವೆಲ್ಡರ್, ಸಿಎನ್‌ಸಿ ಆಪರೇಟರ್ ಅದನ್ನು ದಾಟಿದರೆ ಈ ಆಸರೆಯೂ ಇಲ್ಲ. ಮಿತಿ ಏರಲಿ.

ಮೂರನೆಯದು ತರಬೇತಿ. ಹೊಸ ಸಂಹಿತೆಯ ಮರುಕೌಶಲ ನಿಧಿಗೆ ಮಾಲೀಕರು 15 ದಿನಗಳ ವೇತನ ಕಟ್ಟಬೇಕಾದದ್ದು ಕಾರ್ಮಿಕರ ಕಡಿತವಾದಾಗ ಮಾತ್ರ. ಕಾರ್ಖಾನೆಯೇ ಮುಚ್ಚಿದಾಗಲೂ ಅದು ಅನ್ವಯಿಸಲಿ. ಕೆಲಸ ಮಾಡುತ್ತ ಕಲಿತದ್ದಕ್ಕೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಗೇಟಿನ ಒಳಗೇ, ಕಾರ್ಖಾನೆ ಓಡುತ್ತಿರುವಾಗಲೇ ನಡೆಯಲಿ.

ಕಾರ್ಮಿಕ ಸಂಘಗಳು ಅನುಮತಿಯ ಮಿತಿಗಾಗಿ ಹೋರಾಡುವಷ್ಟೇ ಛಲದಿಂದ ಈ ಮೂರಕ್ಕಾಗಿ ಹೋರಾಡಲಿ. ನಾಳೆ ಬೆಳಿಗ್ಗೆ ಕೆಲಸ ಹೋದವನ ಮನೆಗೆ ಇವು ನೇರವಾಗಿ ತಲುಪುತ್ತವೆ.