ಸಮ್ಮೇಳನ ಪ್ರವಾಸೋದ್ಯಮ: ಮಾಲ್ಟಾದಿಂದ ಹಾವೇರಿ ಕಲಿಯಬೇಕಾದ ಪಾಠ

ಹಾವೇರಿಯಲ್ಲಿ 2023ರ ಜನವರಿ 6ರಿಂದ 8ರವರೆಗೆ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕವಿ ದೊಡ್ಡರಂಗೇಗೌಡರು ಸರ್ವಾಧ್ಯಕ್ಷರಾಗಿದ್ದರು. ಶಿಗ್ಗಾವಿ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಬಸವರಾಜ ಬೊಮ್ಮಾಯಿ ಅಂದು ಮುಖ್ಯಮಂತ್ರಿ. ಮೂರು ದಿನ ಜಿಲ್ಲೆಗೆ ಜಾತ್ರೆಯ ಕಳೆ ಬಂದಿತ್ತು. ಆದರೆ ಪೆಂಡಾಲು ಬಿಚ್ಚಿದ ಬಳಿಕ ಇಂತಹ ಸಭೆಗಳು ಮತ್ತೆ ಮತ್ತೆ ಇಲ್ಲಿಗೆ ಬರುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಇದಕ್ಕೆ ಉತ್ತರ ಹುಡುಕುವವರು ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಮಾಲ್ಟಾದತ್ತ ಒಮ್ಮೆ ಕಣ್ಣು ಹಾಯಿಸುವುದು ಒಳಿತು. ಅದರ ವಿಸ್ತೀರ್ಣ 316 ಚದರ ಕಿಲೋಮೀಟರ್. ಹಾನಗಲ್ ತಾಲ್ಲೂಕಿಗಿಂತಲೂ ಚಿಕ್ಕದು. ಜನಸಂಖ್ಯೆ ಐದು ಲಕ್ಷದ ಆಸುಪಾಸು. ಆದರೂ 1989ರ ಡಿಸೆಂಬರಿನಲ್ಲಿ ಬುಷ್ ಮತ್ತು ಗೊರ್ಬಚೇವ್ ಭೇಟಿಯಾದದ್ದು ಅಲ್ಲಿನ ಬಂದರಿನಲ್ಲಿ. ಕಾಮನ್‌ವೆಲ್ತ್ ರಾಷ್ಟ್ರಗಳ ನಾಯಕರ ಶೃಂಗಸಭೆಗೆ ಅದು 2005 ಮತ್ತು 2015ರಲ್ಲಿ ಆತಿಥ್ಯ ವಹಿಸಿತು. ಇಂದು ಯುರೋಪಿನ ಕಂಪನಿಗಳು ವಾರ್ಷಿಕ ಸಭೆ, ವೈದ್ಯರ ಸಮಾವೇಶಗಳಿಗೆ ಆರಿಸಿಕೊಳ್ಳುವ ತಾಣಗಳಲ್ಲಿ ಮಾಲ್ಟಾ ಕೂಡ ಒಂದು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು ಕಟ್ಟಡ. ರಾಜಧಾನಿ ವ್ಯಾಲೆಟ್ಟಾದ ಹೆಸರಾಂತ ಸಮ್ಮೇಳನ ಕೇಂದ್ರ ಹೊಸದಾಗಿ ಕಟ್ಟಿದ್ದಲ್ಲ. ಸೇಂಟ್ ಜಾನ್ ಪಂಥದ ಯೋಧರು 1574ರಲ್ಲಿ ಕಟ್ಟಲಾರಂಭಿಸಿದ ಆಸ್ಪತ್ರೆಯನ್ನೇ ದುರಸ್ತಿಗೊಳಿಸಿ 1979ರಲ್ಲಿ ಸಭಾಭವನವನ್ನಾಗಿ ತೆರೆಯಲಾಯಿತು. ಎರಡನೆಯದು ಕಾಲ. ಬೇಸಿಗೆಯಲ್ಲಿ ಕಡಲತೀರಕ್ಕೆ ಬರುವ ಪ್ರವಾಸಿಗರಿಂದ ಹೋಟೆಲುಗಳು ತುಂಬುತ್ತವೆ; ಚಳಿಗಾಲದಲ್ಲಿ ಕೋಣೆಗಳು ಖಾಲಿ. ಆ ಖಾಲಿ ತಿಂಗಳುಗಳನ್ನು ತುಂಬುವುದಕ್ಕೆ ಸಮ್ಮೇಳನಗಳು ನೆರವಾಗುತ್ತವೆ.

ಈ ಲೆಕ್ಕವನ್ನು ಹಾವೇರಿ ಜಿಲ್ಲೆಗೆ ಅನ್ವಯಿಸಿ ನೋಡೋಣ. ನಮ್ಮಲ್ಲಿಯೂ ಖಾಲಿ ತಿಂಗಳುಗಳಿವೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಕಲ್ಯಾಣ ಮಂಟಪಗಳಿಗೆ ಬೀಗ. ಅಡುಗೆಯವರಿಗೆ, ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ, ವಾಹನ ಬಾಡಿಗೆಗೆ ಕೊಡುವವರಿಗೆ ಆ ದಿನಗಳಲ್ಲಿ ಕೈತುಂಬ ಕೆಲಸವಿರುವುದಿಲ್ಲ. ನೂರಿನ್ನೂರು ಜನರ ಎರಡು ದಿನಗಳ ವಿಚಾರ ಸಂಕಿರಣಕ್ಕೆ ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ. ಪ್ರತಿ ತಾಲ್ಲೂಕಿಗೂ ಕೋಟಿಗಟ್ಟಲೆ ವೆಚ್ಚದ ಭವನ ಎಂಬ ಭರವಸೆ ಕೇಳಲು ಇಂಪಾದೀತು. ಆದರೆ ವರ್ಷವಿಡೀ ಅದನ್ನು ತುಂಬಿಸುವವರು ಯಾರು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಇನ್ನು ಸಭೆಗೆ ಬಂದವರಿಗೆ ತೋರಿಸುವುದಕ್ಕೆ ಕೊರತೆಯಿಲ್ಲ. ಹಾನಗಲ್ಲಿನ ತಾರಕೇಶ್ವರ ದೇಗುಲದ ಕಮಲಾಕಾರದ ಭುವನೇಶ್ವರಿ ನಾಡಿನ ಶಿಲ್ಪ ಪರಂಪರೆಯ ಹೆಮ್ಮೆ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಜನ್ಮಸ್ಥಳ. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ, ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕನಸಾದ ಉತ್ಸವ ರಾಕ್ ಗಾರ್ಡನ್ ಇದೆ. ಸವಣೂರು ನವಾಬರ ರಾಜಧಾನಿ, ಜ್ಞಾನಪೀಠ ಪುರಸ್ಕೃತ ವಿ.ಕೃ. ಗೋಕಾಕರ ಹುಟ್ಟೂರು, ಅಲ್ಲಿನ ದೊಡ್ಡಹುಣಸೆ ಮರಗಳನ್ನು ನೋಡಿ ಬೆರಗಾಗದವರಿಲ್ಲ. ಹಿರೇಕೆರೂರು ಸೀಮೆಯ ಅಬಲೂರು ಸರ್ವಜ್ಞನ ಹೆಸರಿನೊಂದಿಗೆ, ಏಕಾಂತದ ರಾಮಯ್ಯನ ಶಾಸನದೊಂದಿಗೆ ಬೆಸೆದುಕೊಂಡ ಊರು. ಚರ್ಚೆಗೆ ವಿಷಯಗಳೂ ಇಲ್ಲಿಯೇ ಇವೆ: ಜಾನಪದ, ವಚನ ಸಾಹಿತ್ಯ, ಗೋವಿನಜೋಳ, ಹಾನಗಲ್ಲಿನ ಮಾವು, ನೆರೆಯ ಬ್ಯಾಡಗಿಯ ಮೆಣಸಿನಕಾಯಿ.

ಹಾಗಾದರೆ ಕೊರತೆ ಎಲ್ಲಿದೆ? ಮುಖ್ಯವಾಗಿ ವಸತಿ ಮತ್ತು ಸಂಪರ್ಕದಲ್ಲಿ. ಬೆಂಗಳೂರು-ಪುಣೆ ಹೆದ್ದಾರಿ ಶಿಗ್ಗಾವಿಯನ್ನು ಹಾದುಹೋಗುತ್ತದೆ. ಹಾನಗಲ್ ಮತ್ತು ಹಿರೇಕೆರೂರು ಪಟ್ಟಣಗಳಿಗೆ ರೈಲಿಲ್ಲ. ಹುಬ್ಬಳ್ಳಿಯಲ್ಲಿ ವಿಮಾನದಿಂದ ಇಳಿದ ಅತಿಥಿ ಅಲ್ಲಿಯೇ ತಂಗಿ, ಹಗಲು ಗೊಟಗೋಡಿಗೆ ಬಂದು, ಸಂಜೆ ಹಿಂತಿರುಗಿದರೆ ಊಟ-ವಸತಿಯ ಹಣವೆಲ್ಲ ಹುಬ್ಬಳ್ಳಿಯ ಪಾಲು; ಈ ತಾಲ್ಲೂಕುಗಳಿಗೆ ಉಳಿಯುವುದು ಚಹಾದ ಕಾಸು ಮಾತ್ರ. ಅತಿಥಿ ಒಂದು ರಾತ್ರಿ ಇಲ್ಲಿ ತಂಗುವಂತಾದರೆ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಆದ್ಯತೆ ದೊಡ್ಡ ಸಭಾಂಗಣಕ್ಕಲ್ಲ; ಶುಚಿಯಾದ ಕೋಣೆಗಳಿಗೆ, ನಾಲ್ಕೂ ತಾಲ್ಲೂಕುಗಳ ಮಂಟಪ, ವಸತಿ, ವಾಹನಗಳನ್ನು ಒಂದೇ ಕಡೆ ಕಾಯ್ದಿರಿಸುವ ಜಿಲ್ಲಾಮಟ್ಟದ ವ್ಯವಸ್ಥೆಗೆ ಸಲ್ಲಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ಅತಿಥಿಗಳು ಹೆಚ್ಚಿದಂತೆ ನೀರಿನ ಬೇಡಿಕೆಯೂ ಹೆಚ್ಚುತ್ತದೆ. ಮಾಲ್ಟಾ ಕುಡಿಯುವ ನೀರಿನ ಬಹುಪಾಲನ್ನು ಸಮುದ್ರದ ಉಪ್ಪುನೀರನ್ನು ಸಿಹಿಗೊಳಿಸಿಯೇ ಪಡೆಯುತ್ತದೆ. ನಮಗೆ ಸಮುದ್ರವಿಲ್ಲ, ವರದಾ ನದಿಯೋ ಬೇಸಿಗೆಯಲ್ಲಿ ಸೊರಗುತ್ತದೆ. ಊರಿನ ನಲ್ಲಿ ಒಣಗಿಸಿ ಅತಿಥಿ ಸತ್ಕಾರ ಮಾಡಲಾಗದು. ಮಳೆಗಾಲದ ಆಷಾಢ, ಚಳಿಯ ಧನುರ್ಮಾಸಗಳೇ ಸಭೆಗಳಿಗೆ ಯೋಗ್ಯ ಎನ್ನುವುದಕ್ಕೆ ಇದೂ ಒಂದು ಕಾರಣ.

ಸಾಹಿತ್ಯ ಸಮ್ಮೇಳನ ಹಾವೇರಿಗೆ ಮರಳಿ ಬರಲು ದಶಕಗಳೇ ಬೇಕಾದೀತು. ಆದರೆ ನೂರು ಜನರ ಸಭೆ ಬರುವ ಆಷಾಢದಲ್ಲಿಯೇ ಬರಬಹುದು. ಅದಕ್ಕೆ ಹೊಸ ಶಂಕುಸ್ಥಾಪನೆ ಬೇಕಿಲ್ಲ. ಬೀಗ ಹಾಕಿದ ಮಂಟಪಗಳ ಬಾಗಿಲು ತೆರೆದರೆ ಆರಂಭಕ್ಕೆ ಸಾಕು.